ಯಾವ ಭಾಷಾರೀ ಮೇಡಂ?

ಎಂ.ಎ. ಅರ್ಥಶಾಸ್ತ್ರದ ಕೊನೆ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಇರುತ್ತದೆ. ಮೊದಲ ಕರಡುಗಳು ನನ್ನ ಟೇಬಲ್ಲಿಗೆ ಬಂದ ದಿನ ನಾನು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ. ತಪ್ಪು ಕಂಡಲ್ಲೆಲ್ಲ ಗೆರೆ ಎಳೆದು, ಕೊನೇ ಪುಟದಲ್ಲಿ 'ಭಾಷೆ ಸುಧಾರಿಸಬೇಕು' ಅಂತ ಬರೆದು ಸಹಿ ಹಾಕುತ್ತಿದ್ದೆ. 11 ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಯಾರೂ ಅದರ ಬಗ್ಗೆ ಏನೂ ಕೇಳಿರಲಿಲ್ಲ. ತಲೆ ಆಡಿಸಿ ಕರಡು ತಗೊಂಡು ಹೋಗುತ್ತಿದ್ದರು. ಆ ವರ್ಷ ಒಬ್ಬ ಹುಡುಗಿ ಮಾತ್ರ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಕೊನೇ ಪುಟ ಓದಿದಳು. ವಾಪಸ್ ಬಂದಳು. "ಯಾವ ಭಾಷಾರೀ ಮೇಡಂ?" ಅಂದಳು.

ಎದುರು ಮಾತಾಡಬೇಕು ಅಂತ ಕೇಳಿದ್ದಲ್ಲ ಅದು. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅವಳ ಮನೆಮಾತು ಲಂಬಾಣಿ. ಡಿಗ್ರಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಪ್ಪ ಅಮ್ಮ ಪ್ರತಿವರ್ಷ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದರೆ ವಾಪಸ್ ಬರುತ್ತಿದ್ದದ್ದು ಯುಗಾದಿ ಹತ್ತಿರ. ಚಿಕ್ಕವಳಿದ್ದಾಗ ಒಂದು ಸೀಸನ್ ಅವರ ಜೊತೆಗೇ ಹೋಗಿದ್ದಳು. ಸಕ್ಕರೆ ಕಾರ್ಖಾನೆಗಳ ಹತ್ತಿರ ಇಂಥ ಮಕ್ಕಳಿಗೆಂದೇ ನಡೆಸುವ 'ಸಾಖರ್ ಶಾಳಾ'ದಲ್ಲಿ ಕೂತಿದ್ದಳು. ಅಲ್ಲಿ ಮರಾಠಿ ಬಂತು. ಈಗ ರಿಪೋರ್ಟ್ ಬರೆದದ್ದು ಇಂಗ್ಲಿಷಿನಲ್ಲಿ. ನಾಲ್ಕರಲ್ಲಿ ಯಾವುದನ್ನು ಸುಧಾರಿಸಬೇಕು ಅಂತ ನಾನು ಬರೆದಿರಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಇಂಗ್ಲಿಷೇ. ಆದರೂ ಉತ್ತರ ಬಾಯಿಗೆ ಬರಲಿಲ್ಲ. "ಕೂತ್ಕೋ" ಅಂದೆ.

ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎನ್ನುವ ವಾದ ನಿಮಗೆಲ್ಲ ಗೊತ್ತಿದ್ದದ್ದೇ. ಅದನ್ನು ಇಲ್ಲಿ ಮತ್ತೆ ತೆಗೆಯುವುದಿಲ್ಲ. ಆ ವಾದ ಶಾಲೆಯ ಬಾಗಿಲಲ್ಲಿ ಶುರುವಾಗಿ ಅಲ್ಲೇ ಮುಗಿದುಬಿಡುತ್ತದೆ. ಕನ್ನಡದಲ್ಲಿ ಓದಿ ಬಂದ ಮಕ್ಕಳು ಎಂ.ಎ. ತರಗತಿಯಲ್ಲಿ ಕೂತು, ಇಂಗ್ಲಿಷ್ ಪುಸ್ತಕ ಓದಿ, ಅರವತ್ತು ಪುಟದ ರಿಪೋರ್ಟ್ ಬರೆಯಬೇಕಾದಾಗ ಅವರ ಪಕ್ಕದಲ್ಲಿ ಯಾರು ಕೂರಬೇಕು ಅನ್ನುವುದನ್ನು ನಾವು ಮಾತಾಡಿದ್ದು ಕಡಿಮೆ.

ಕರಡು ಮತ್ತು ಲಾಂಗ್ ಬುಕ್

ಅವಳ ವಿಷಯ ಗುಳೆ. ಲಂಬಾಣಿ ಜನ ಇರುವ ಊರಿಗೆ ತಾಂಡಾ ಅನ್ನುತ್ತಾರೆ. ತನ್ನ ತಾಂಡಾ ಮತ್ತು ಪಕ್ಕದ ಎರಡು ತಾಂಡಾಗಳಲ್ಲಿ ಮನೆಮನೆಗೆ ಹೋಗಿ ಸರ್ವೆ ಮಾಡಿದ್ದಳು. ಕರಡು ಮಾತ್ರ ಬೇರೆ ಯಾರೋ ಬರೆದ ಹಾಗಿತ್ತು. ನಕಲು ಪತ್ತೆಹಚ್ಚುವ ಸಾಫ್ಟ್‌ವೇರ್‌ಗೆ ಹಾಕಿದರೆ ಹೋಲಿಕೆ ನೂರಕ್ಕೆ 46 ಬಂತು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮದ ಪ್ರಕಾರ ನೂರಕ್ಕೆ 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವ ಹಾಗಿಲ್ಲ. ಸದ್ಯ, ಇದು ಮೊದಲ ಕರಡು. ಇನ್ನೂ ನಮ್ಮಿಬ್ಬರ ನಡುವೆಯೇ ಇತ್ತು. ಪುಟಗಟ್ಟಲೆ ಕೆಂಪು. ಬಿಳಿಯಾಗಿ ಉಳಿದಿದ್ದು ಟೇಬಲ್‌ಗಳು ಮಾತ್ರ. ಅವು ಅವಳದ್ದೇ ಆಗಿದ್ದವು.

"ಸರ್ವೆ ಮಾಡಿದ ನೋಟ್‌ಬುಕ್ ಇದೆಯಾ?" ಅಂತ ಕೇಳಿದೆ. ಮಾರನೇ ದಿನ ಒಂದು ಲಾಂಗ್ ಬುಕ್ ತಂದಳು. ಅಂಚುಗಳು ಮಡಚಿಹೋಗಿದ್ದವು, ಒಂದು ಪುಟದ ಮೇಲೆ ಚಹಾದ ಕಲೆ. ತೆಗೆದು ನೋಡಿದರೆ ಒಂದೇ ಸಾಲಿನಲ್ಲಿ ಮೂರು ಭಾಷೆ. ಲಂಬಾಣಿಗೆ ಅದರದ್ದೇ ಆದ ಲಿಪಿ ಬಳಕೆಯಲ್ಲಿಲ್ಲ. ನಮ್ಮಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ. ಅವಳು ಜನ ಹೇಳಿದ ಮಾತನ್ನು ಲಂಬಾಣಿಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಪಕ್ಕದಲ್ಲಿ ತನಗೆ ಅನ್ನಿಸಿದ್ದು ಕನ್ನಡದಲ್ಲಿ. 'ಅಡ್ವಾನ್ಸ್', 'ಲೋನ್', 'ಇಂಟರೆಸ್ಟ್' ಎಲ್ಲ ಇಂಗ್ಲಿಷ್ ಮಾತೇ. ಪ್ರತಿ ಮನೆಯ ಹೆಸರಿನ ಮುಂದೆ ಒಂದು ಪದ, ಒಂದು ಅಂಕಿ. 'ಕೊಯತಾ – 1.' 'ಕೊಯತಾ – 2.'

ಕರಡಿನ ಟೇಬಲ್ಲಿನಲ್ಲಿ ಅದೇ ಕಾಲಂಗೆ 'ನಂಬರ್ ಆಫ್ ಲೇಬರರ್ಸ್' ಅಂತ ಹೆಸರಿತ್ತು. ಅಂಕಿ ಅದೇ. 1, 2, 1, 1.

"ಕೊಯತಾ ಅಂದ್ರೆ ಏನು?" ಅಂದೆ. ನಾನು ಹಾಸನದ ಕಡೆಯವಳು, ನನಗೆ ಗೊತ್ತಿರಲಿಲ್ಲ.

"ಕಬ್ಬು ಕಡಿಯೂ ಕತ್ತಿಗೆ ಮರಾಠಿಯೊಳಗ ಕೊಯತಾ ಅಂತಾರ್ರಿ. ಆದ್ರ ಲೆಕ್ಕದಾಗ ಒಂದ್ ಕೊಯತಾ ಅಂದ್ರ ಗಂಡ-ಹೆಂಡ್ತಿ ಇಬ್ರೂರಿ. ಕೂಲಿಯವ್ರನ್ನ ಕರಕೊಂಡು ಹೋಗೂ ಮುಕಾದಮ ಅಡ್ವಾನ್ಸ್ ಕೊಡೂದು ಕೊಯತಾ ಲೆಕ್ಕದ ಮ್ಯಾಲೆ. ಹೆಸರು ಬರಕೊಳ್ಳೂದು ಗಂಡಂದು ಒಂದ."

"ಹಾಗಾದ್ರೆ ಇಲ್ಲಿ ಲೇಬರರ್ಸ್ ಒಂದು ಅಂತ ಬರೆದಿದ್ದೀಯಲ್ಲ, ಇಬ್ಬರಲ್ವಾ?"

ಅವಳು ಟೇಬಲ್ ನೋಡಿದಳು. ನೋಟ್‌ಬುಕ್ ನೋಡಿದಳು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ, "ಕೊಯತಾಕ್ಕ ಇಂಗ್ಲಿಷ್ ಶಬ್ದ ಸಿಗಲಿಲ್ರಿ ಮೇಡಂ. ಅದಕ್ಕ ಹಂಗ ಬರದೆ" ಅಂದಳು.

ಅವಳ ಸರ್ವೆಯಲ್ಲಿ ಕಂಡ ಬಹುದೊಡ್ಡ ವಿಷಯ ಅದೇ ಆಗಿತ್ತು. ಹೆಂಗಸಿನ ದುಡಿಮೆ ಲೆಕ್ಕಕ್ಕೇ ಬರದೆ ಗಂಡಿನ ಹೆಸರಿನ ಒಳಗೆ ಸೇರಿಹೋಗುತ್ತದೆ ಅನ್ನುವುದು ಆ ಒಂದು ಪದದಲ್ಲಿ ಇತ್ತು. ಪದ ಬಿಟ್ಟುಹೋದ ಕೂಡಲೇ ವಿಷಯವೂ ಬಿಟ್ಟುಹೋಯಿತು. ಮೂರು ತಾಂಡಾಗಳ ಹೆಂಗಸರು ಆ ಟೇಬಲ್ಲಿನಿಂದ ಕಾಣೆಯಾಗಿದ್ದರು. ನಾನು ಅದೇ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದು ಒಂದು ಸ್ಪೆಲ್ಲಿಂಗ್ ತಪ್ಪನ್ನು.

ಪುಸ್ತಕದ ಕನ್ನಡ

"ಹಾಗಾದ್ರೆ ಮೊದಲು ಕನ್ನಡದಲ್ಲಿ ಬರಿ, ಆಮೇಲೆ ಇಂಗ್ಲಿಷ್ ನೋಡೋಣ" ಅಂತ ಕಳಿಸಿದೆ. ದಾರಿ ಸಿಕ್ಕಿತು ಅಂದುಕೊಂಡೆ. ವಾರ ಬಿಟ್ಟು ಹತ್ತು ಪುಟ ತಂದಳು. ಮೊದಲ ಸಾಲು: 'ಸದರಿ ಅಧ್ಯಯನವು ವಲಸೆಯ ಸಾಮಾಜಿಕ ಹಾಗೂ ಆರ್ಥಿಕ ಆಯಾಮಗಳನ್ನು ಅವಲೋಕಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ.' ಎರಡನೆಯ ಸಾಲೂ ಹಾಗೇ, ಮೂರನೆಯದೂ ಹಾಗೇ. ಲೈಬ್ರರಿಯಲ್ಲಿದ್ದ ಹಳೇ ಪ್ರಬಂಧವೊಂದನ್ನು ಮುಂದಿಟ್ಟುಕೊಂಡು ಬರೆದಿದ್ದಳು. ಹತ್ತು ಪುಟದಲ್ಲಿ ಕೊಯತಾ ಒಂದು ಸಲವೂ ಬಂದಿರಲಿಲ್ಲ. ಗುಳೆ ಅನ್ನುವ ಪದವೂ ಇರಲಿಲ್ಲ, ಎಲ್ಲ ಕಡೆ 'ವಲಸೆ'.

ಇಂಗ್ಲಿಷ್ ಬರದ ಮಕ್ಕಳಿಗೆ ಕನ್ನಡದಲ್ಲಿ ಬರೆಯಲು ಬಿಟ್ಟರೆ ಸಾಕು ಅಂತ ನಾನೂ ನಂಬಿದ್ದೆ. ಅದು ಅರ್ಧ ಮಾತ್ರ ಸರಿ ಅಂತ ಅವತ್ತು ಗೊತ್ತಾಯಿತು. ಪುಸ್ತಕದ ಕನ್ನಡ ಯಾರ ಮನೆಯ ಮಾತೂ ಅಲ್ಲ. ಹಾಸನದ ನನ್ನ ಮನೆಯಲ್ಲೂ ಯಾರೂ 'ಅವಲೋಕಿಸುವುದಿಲ್ಲ'. ಅದನ್ನೂ ಕಲಿಯಬೇಕು, ಕಲಿಸಬೇಕು. ನಾವು ಕಲಿಸಿಲ್ಲ. ಬೇರೆಯವರು ಬರೆದದ್ದನ್ನು ನೋಡಿ ತಾವೇ ಕಲಿಯುತ್ತಾರೆ ಅಂತ ಬಿಟ್ಟಿದ್ದೇವೆ. ಮಕ್ಕಳು ನೋಡಿ ಕಲಿತಿದ್ದಾರೆ, ಅದಕ್ಕೇ ಎಲ್ಲರ ಮೊದಲ ಸಾಲೂ ಒಂದೇ ಥರ ಇರುತ್ತದೆ.

ನನ್ನದೇ ಒಂದು ನೆನಪು ಹೇಳುತ್ತೇನೆ. ನಾನೂ ಡಿಗ್ರಿವರೆಗೆ ಕನ್ನಡದಲ್ಲೇ ಓದಿದವಳು. 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ' ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಎಂ.ಎ. ಮೊದಲ ವಾರ ಮೇಷ್ಟ್ರು 'ಮಾರ್ಜಿನಲ್ ಯುಟಿಲಿಟಿ' ಅಂತ ಪಾಠ ಶುರು ಮಾಡಿದರು. ಇದು ಯಾವುದೋ ಹೊಸ ವಿಷಯ, ಪಕ್ಕದವರಿಗೆಲ್ಲ ಮೊದಲೇ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ ಅಂತ ಒಂದು ವಾರ ಹೆದರಿಕೊಂಡು ಕೂತಿದ್ದೆ. ಹಾಸ್ಟೆಲ್ಲಿನಲ್ಲಿ ಊಟ ಸೇರುತ್ತಿರಲಿಲ್ಲ. ಬೋರ್ಡಿನ ಮೇಲೆ ಮೇಷ್ಟ್ರು ಕೆಳಕ್ಕೆ ಇಳಿಯುವ ಗೆರೆ ಎಳೆದಾಗ ಗೊತ್ತಾಯಿತು, ಇದು ನನ್ನ ತುಷ್ಟಿಗುಣವೇ ಅಂತ. ಆ ಗೆರೆ ನೋಡಿದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ. ಒಂದೇ ಒಂದು ಸಲ ಯಾರಾದರೂ ಎರಡೂ ಹೆಸರನ್ನು ಪಕ್ಕಪಕ್ಕದಲ್ಲಿ ಬೋರ್ಡಿನ ಮೇಲೆ ಬರೆದಿದ್ದರೆ ಆ ವಾರ ನನ್ನದಾಗಿರುತ್ತಿತ್ತು. ಈಗ ನಾನು ಪಾಠ ಮಾಡುವಾಗ ಎರಡನ್ನೂ ಬರೆಯುತ್ತೇನೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಪಕ್ಕದಲ್ಲಿ ಇಲಾಸ್ಟಿಸಿಟಿ ಆಫ್ ಡಿಮಾಂಡ್. ಆಮೇಲೆ ಕೇಳುತ್ತೇನೆ: ಈರುಳ್ಳಿ ರೇಟು ಎರಡು ಪಟ್ಟಾದರೆ ನಿಮ್ಮ ಮನೆಯಲ್ಲಿ ಏನು ಮಾಡ್ತಾರೆ? ಉಪ್ಪಿನ ರೇಟು ಆದರೆ? ಅವರ ಮನೆಮಾತಿಗೆ ಅಂತ ಬಿಟ್ಟ ಮೂರನೆಯ ಕಾಲಂ ಆಗ ತಾನಾಗಿ ತುಂಬುತ್ತದೆ.

ಹತ್ತು ಪುಟ ಪಕ್ಕಕ್ಕಿಟ್ಟು ಅವಳಿಗೆ ಹೇಳಿದೆ: "ಪೆನ್ನು ಮುಟ್ಟಬೇಡ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ನಿನ್ನ ತಂಗಿಗೆ ಹೇಳೋ ಹಾಗೆ ಹೇಳು." ರಾತ್ರಿ ಹತ್ತಕ್ಕೆ 14 ನಿಮಿಷದ ವಾಯ್ಸ್ ಮೆಸೇಜ್ ಬಂತು. ಕನ್ನಡದಲ್ಲಿ ಶುರುವಾಗಿ, ಅಮ್ಮನ ಮಾತು ಬಂದಾಗ ಲಂಬಾಣಿಗೆ ಹೋಗಿ, ನಾನು ಕೇಳುತ್ತೇನೆ ಅನ್ನುವುದು ನೆನಪಾಗಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಲಾರಿ ಲೋಡ್ ಮಾಡಲು ರಾತ್ರಿ ಎರಡಕ್ಕೆ ಎಬ್ಬಿಸುವುದು. ಗಂಡ ಕಡಿದು ಹಾಕಿದ ಕಬ್ಬನ್ನು ಹೆಂಡತಿ ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ಏಣಿ ಹತ್ತುವುದು. ಕಬ್ಬಿನ ತುದಿಯ ಮೇವು ಮಾರಿ ಬಂದ ಚಿಲ್ಲರೆ ರೊಕ್ಕ ಮಾತ್ರ ಯಾಡಿಯ ಕೈಯಲ್ಲಿ ಇರುತ್ತಿದ್ದದ್ದು. ಯಾಡಿ ಅಂದರೆ ಲಂಬಾಣಿಯಲ್ಲಿ ಅಮ್ಮ. ನಡುವೆ ಒಂದು ಕಡೆ ಅವಳೇ ಕೇಳಿದಳು: "ಟನ್ನಿಗೆ ಇಷ್ಟು ಅಂತ ಕೂಲಿ ಕೊಯತಾಕ್ಕ ಕೊಡ್ತಾರ. ಹಂಗಾದ್ರ ನಮ್ಮ ಯಾಡಿ ಯಾವ ಲೆಕ್ಕದಾಗ ಬರ್ತಾಳ್ರಿ?"

ಅವಳ ರಿಪೋರ್ಟಿನ ಮೂಲ ಪ್ರಶ್ನೆ ಅದೇ ಆಯಿತು. ಅವಳ ಮಾತಿನಲ್ಲೇ ಇತ್ತು. ನಾನು ಸೇರಿಸಿದ್ದು ಏನೂ ಇಲ್ಲ.

ತಪ್ಪನ್ನು ಓದುವುದು

ಅಮೆರಿಕದ ನ್ಯೂಯಾರ್ಕಿನಲ್ಲಿ 1970ರಲ್ಲಿ ಸಿಟಿ ಯೂನಿವರ್ಸಿಟಿ ಹೈಸ್ಕೂಲು ಮುಗಿಸಿದವರಿಗೆಲ್ಲ ತನ್ನ ಕಾಲೇಜುಗಳ ಬಾಗಿಲು ತೆರೆಯಿತು. ಕರಿಯರು, ಪೋರ್ಟೊರಿಕೊದವರು, ಬಡ ವಲಸಿಗರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರ ಬರವಣಿಗೆ ನೋಡಿ ಎಷ್ಟೋ ಮೇಷ್ಟ್ರುಗಳು ಕೈ ಚೆಲ್ಲಿದರು. ಆ ಯೂನಿವರ್ಸಿಟಿಯ ಸಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೀನಾ ಶಾನೆಸ್ಸಿ ಎನ್ನುವ ಟೀಚರ್ ಮಾತ್ರ ಸುಮಾರು 4000 ಉತ್ತರಪತ್ರಿಕೆಗಳನ್ನು ಕೂತು ಓದಿದರು. ಮಾರ್ಕ್ಸ್ ಹಾಕಲು ಅಲ್ಲ, ತಪ್ಪು ಯಾಕೆ ಆಗುತ್ತದೆ ಅಂತ ತಿಳಿಯಲು. ತಪ್ಪುಗಳು ಸುಮ್ನೆ ಅಡ್ಡಾದಿಡ್ಡಿ ಆಗುವುದಿಲ್ಲ, ಪ್ರತಿಯೊಂದರ ಹಿಂದೆ ಒಂದು ಕಾರಣ, ಒಂದು ಲೆಕ್ಕ ಇರುತ್ತದೆ ಅಂತ ಅವರು ತೋರಿಸಿಕೊಟ್ಟರು. ಇದನ್ನು ಓದಿದ ಮೇಲೆ ನಾನು ಹಳೇ ಕರಡುಗಳನ್ನು ಮತ್ತೆ ತೆಗೆದು ನೋಡಿದೆ.

ಒಂದು ಸಾಲು ಹೀಗಿತ್ತು: 'ವಿ ಸರ್ವೆ ಡನ್ ತಾಂಡಾ ಈಸ್ ವಾಟರ್ ಪ್ರಾಬ್ಲಂ.' ಮೊದಲಾಗಿದ್ದರೆ ಇಡೀ ಸಾಲಿಗೆ ಅಡ್ಡ ಗೆರೆ ಎಳೆಯುತ್ತಿದ್ದೆ. ಈಗ ಜೋರಾಗಿ ಓದಿದೆ. ನಾವು ಸರ್ವೆ ಮಾಡಿದ ತಾಂಡಾ. ವಿ, ಸರ್ವೆ, ಡನ್, ತಾಂಡಾ. ಕನ್ನಡ ಅಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. 'ನಿನ್ನೆ ಬಂದ ಬಸ್ಸು', 'ಅಪ್ಪ ಮಾರಿದ ಎತ್ತು' ಅಂತ ನಾವು ಹೇಳಬೇಕಾದ್ದನ್ನೆಲ್ಲ ಹೆಸರಿನ ಮುಂದೆ ಇಡುತ್ತೇವೆ. ಇಂಗ್ಲಿಷಿನವರು ಮೊದಲು ಎತ್ತು ಅಂದುಬಿಟ್ಟು, ಆಮೇಲೆ ಅದರ ಹಿಂದೆ ಉಳಿದದ್ದನ್ನು ಕಟ್ಟುತ್ತಾರೆ. ದಿ ಬುಲಕ್ ದಟ್ ಮೈ ಫಾದರ್ ಸೋಲ್ಡ್. ಬೋರ್ಡಿನ ಮೇಲೆ ಎರಡನ್ನೂ ಬರೆದು ಬಾಣದ ಗುರುತು ಹಾಕಿದೆ. ಐದು ನಿಮಿಷವೂ ಆಗಲಿಲ್ಲ. ಹಿಂದಿನ ಬೆಂಚಿನ ಹುಡುಗ ಒಬ್ಬ, "ಅಂದ್ರ ಅವ್ರದ್ದು ಉಲ್ಟಾ ಅದ ನೋಡ್ರಿ" ಅಂದ. ಅಷ್ಟೇ. ಆ ದಿನದಿಂದ ಆ ಒಂದು ತಪ್ಪು ಅರ್ಧಕ್ಕರ್ಧ ಕಡಿಮೆಯಾಯಿತು. ಹಿಂದಿನ ಅಷ್ಟೂ ವರ್ಷ ನಾನು ಅದಕ್ಕೆ ಸುಮ್ನೆ ಕೆಂಪು ಗೆರೆ ಎಳೆದಿದ್ದೆ.

'ಎ', 'ಆನ್', 'ದಿ' ವಿಷಯದಲ್ಲಿ ನಾನೀಗ ತುಂಬಾ ತಾಳ್ಮೆಯಿಂದ ಇರುತ್ತೇನೆ. ಕನ್ನಡದಲ್ಲೂ ಅವು ಇಲ್ಲ, ಲಂಬಾಣಿಯಲ್ಲೂ ಇಲ್ಲ, ಮರಾಠಿಯಲ್ಲೂ ಇಲ್ಲ. ಅವುಗಳ ರೂಢಿ ಬರಲು ವರ್ಷಗಳು ಬೇಕು. ಮೊದಲ ಕರಡಿನಲ್ಲಿ ನಾನು ನೋಡುವುದು ಒಂದೇ: ಇವನಿಗೆ, ಇವಳಿಗೆ ಹೇಳಲು ಏನಿದೆ? ಎರಡನೆಯದರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು. ವ್ಯಾಕರಣ ಕೊನೆಗೆ. ಮೊದಲ ಕರಡಿನಲ್ಲೇ ಎಲ್ಲ ತಿದ್ದಿ ಕೊಟ್ಟರೆ ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ತಪ್ಪಾಗದ ಸಾಲು ಹುಡುಕುತ್ತಾರೆ. ತಪ್ಪಾಗದ ಸಾಲು ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಆ 46 ಬಂದದ್ದು ಹಾಗೆ. ಅವಳು ಕದಿಯಬೇಕು ಅಂತ ಕದ್ದವಳಲ್ಲ, ನನ್ನ ಕೆಂಪು ಪೆನ್ನಿಗೆ ಹೆದರಿದವಳು.

ಅಂತೆ

ಬೇರೆಯವರ ಮಾತನ್ನು ಬೇರೆಯವರದ್ದು ಅಂತ ಹೇಳಿ ಬರೆಯಬೇಕು. ಇದನ್ನು ಕಲಿಸಲು ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ. 'ಸೈಟೇಷನ್', 'ರೆಫರೆನ್ಸ್' ಅಂತ ಶುರು ಮಾಡಿದರೆ ಮಕ್ಕಳ ಮುಖ ಖಾಲಿಯಾಗುತ್ತಿತ್ತು. ಕಾಮಾ ಎಲ್ಲಿ, ಬ್ರಾಕೆಟ್ ಎಲ್ಲಿ ಅನ್ನುವುದರಲ್ಲೇ ಗಂಟೆ ಮುಗಿಯುತ್ತಿತ್ತು.

ಆ ವಾಯ್ಸ್ ಮೆಸೇಜನ್ನು ಎರಡನೇ ಸಲ ಕೇಳುವಾಗ ನನಗೆ ಒಂದು ವಿಷಯ ಹೊಳೆಯಿತು. ತಾನು ಕಣ್ಣಾರೆ ಕಂಡದ್ದನ್ನು ಅವಳು 'ಎಬ್ಬಸ್ತಾರ' ಅನ್ನುತ್ತಿದ್ದಳು. ಬೇರೆಯವರು ಹೇಳಿದ್ದನ್ನು 'ಎಬ್ಬಸ್ತಾರಂತ' ಅನ್ನುತ್ತಿದ್ದಳು. 14 ನಿಮಿಷದಲ್ಲಿ ಒಂದು ಕಡೆಯೂ ತಪ್ಪಿರಲಿಲ್ಲ. ಯಾರ ಮನೆಯಲ್ಲಿ ಯಾರು ಹೇಳಿದರು ಅನ್ನುವುದೂ ಬರುತ್ತಿತ್ತು. ನಮ್ಮ ಭಾಷೆಯಲ್ಲಿ ಇದು ಎಷ್ಟು ಸಲೀಸು ಅಲ್ವಾ? 'ಮಳೆ ಬಂತು' ಅಂದರೆ ನಾನು ನೋಡಿದೆ. 'ಮಳೆ ಬಂತಂತೆ' ಅಂದರೆ ಯಾರೋ ಹೇಳಿದರು. ಕನ್ನಡ ಮಾತಾಡುವ ಯಾರೂ ಈ ವ್ಯತ್ಯಾಸ ತಪ್ಪುವುದಿಲ್ಲ. ಸಂಶೋಧನೆಯ ಬರವಣಿಗೆಯಲ್ಲಿ ಬೇಕಾದದ್ದು ಇದೇ ಎಚ್ಚರ. ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಸಲು 'ಅಂತೆ' ಇಲ್ಲ. ಅದಕ್ಕೇ ಅಲ್ಲಿ ಹೆಸರು, ವರ್ಷ, ಪುಟ ಹಾಕಬೇಕು. 'ಅಕಾರ್ಡಿಂಗ್ ಟು' ಅನ್ನಬೇಕು.

ಈಗ ನಾನು ತರಗತಿಯಲ್ಲಿ ಇದನ್ನೇ ಕೇಳುತ್ತೇನೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ ನೋಡಿ. ಕೊನೆಗೆ 'ಅಂತೆ' ಬಂತಾ? ಬಂದರೆ ಯಾರ ಅಂತೆ? ಅವರ ಹೆಸರು ಬರೀರಿ. ಬರಲಿಲ್ಲವಾ? ಹಾಗಾದ್ರೆ ಅದು ನಿಮ್ಮದು, ಟೇಬಲ್ ತೋರಿಸಿ. ಕರಡಿನ ಅಂಚಿನಲ್ಲಿ ಮಕ್ಕಳೇ ಪೆನ್ಸಿಲಿನಲ್ಲಿ 'ಅಂತೆ' ಅಂತ ಗುರುತು ಹಾಕಿಕೊಂಡು ಬರುತ್ತಾರೆ. ಇದಕ್ಕಿಂತ ಚೆನ್ನಾಗಿ ನಡೆದ ಪಾಠ ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇನ್ನೊಂದಿಲ್ಲ. ಅದು ಬಂದದ್ದು ಅವರ ಬಾಯಲ್ಲಿ ಮೊದಲೇ ಇದ್ದ ಒಂದು ಮಾತಿನಿಂದ.

ಬೇಡ ಅನ್ನುವವರ ಮಾತು

ಸ್ಟಾಫ್ ರೂಮಿನಲ್ಲಿ ಇದಕ್ಕೆ ವಿರೋಧ ಇತ್ತು. ಈಗಲೂ ಇದೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಬ್ಬರು ಹಿರಿಯರು, "ನೀವು ಕನ್ನಡ, ಲಂಬಾಣಿ ಅಂತ ಕೂರಿಸಿಕೊಂಡರೆ ನಾಳೆ ಈ ಮಕ್ಕಳು ನೆಟ್ ಬರೀಬೇಕಲ್ಲ ಮೇಡಂ, ಆಗೇನು ಮಾಡ್ತೀರಿ?" ಅಂದರು. ನಿಜವೇ. ಕಾಲೇಜು ಮೇಷ್ಟ್ರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯ ಪತ್ರಿಕೆ, ಭಾಷಾ ವಿಷಯಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಇದೇ ಯುಜಿಸಿ 2023ರ ಏಪ್ರಿಲ್‌ನಲ್ಲಿ, ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಅಂತ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿತ್ತು. ಒಳ್ಳೆಯ ಪತ್ರ. ಆದರೆ ಬರೆಯಲು ಬಿಡುವುದು ಬೇರೆ, ಬರೆಯಲು ಕಲಿಸುವುದು ಬೇರೆ.

ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿದ್ದು. 2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಲಂಬಾಣಿ ಅಂತ ಬರೆಸಿದ್ದಾರೆ. ಪಟ್ಟಿಯಲ್ಲಿ ಅದನ್ನು ಹಾಕಿರುವುದು ಹಿಂದಿಯ ಕೆಳಗೆ. ಲೆಕ್ಕದ ಪ್ರಕಾರ ಈ ಹುಡುಗಿ ಹಿಂದಿಯವಳು, ನೆಟ್‌ನಲ್ಲಿ ಅವಳ ಭಾಷೆಯ ಪತ್ರಿಕೆ ಇದೆ. ಅವಳಿಗೆ ಬರುವ ಹಿಂದಿ ಸಿನಿಮಾದ್ದು ಮಾತ್ರ. ಇಬ್ಬರನ್ನು ಒಂದು ಅಂತ ಎಣಿಸುವ ಲೆಕ್ಕ ಕಬ್ಬಿನ ಗದ್ದೆಯಲ್ಲಿ ಮಾತ್ರ ಇಲ್ಲ ಅಂತ ಆ ಪಟ್ಟಿ ನೋಡಿದಾಗ ಅನ್ನಿಸಿತು.

ಇಂಗ್ಲಿಷ್ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಮಕ್ಕಳಿಗೆ ಅದು ಬೇಕು, ಅವರು ಬಾಯಿಬಿಟ್ಟು ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ. ನನ್ನ ಮಾತು ಇಷ್ಟೇ: ಇಂಗ್ಲಿಷಿಗೆ ಹೋಗುವ ದಾರಿ ಅವರ ಮಾತಿನ ಮೇಲೇ ಹಾದುಹೋಗುತ್ತದೆ. ಮಕ್ಕಳು ಎರಡು ಭಾಷೆ ಕಲಿಯುವ ಬಗ್ಗೆ ಸಂಶೋಧನೆ ಮಾಡಿದ ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಎರಡು ಥರದ ಭಾಷೆಯನ್ನು ಬೇರೆಬೇರೆ ಮಾಡಿ ತೋರಿಸಿದ್ದರು. ಮಾತುಕತೆಯ ಭಾಷೆ ಒಂದೆರಡು ವರ್ಷದಲ್ಲಿ ಬರುತ್ತದೆ, ಓದು ಬರಹದ ಭಾಷೆಗೆ ಐದರಿಂದ ಏಳು ವರ್ಷವಾದರೂ ಬೇಕು. ಒಂದು ಭಾಷೆಯಲ್ಲಿ ಯೋಚನೆ ಮಾಡಲು ಕಲಿತದ್ದು ಇನ್ನೊಂದಕ್ಕೆ ನೆರವಾಗುತ್ತದೆ ಅನ್ನುವುದೂ ಅವರದ್ದೇ ಮಾತು. ವೇಲ್ಸಿನಲ್ಲಿ ಕೆನ್ ವಿಲಿಯಮ್ಸ್ 1994ರಲ್ಲಿ ಹೆಸರು ಕೊಟ್ಟ ಒಂದು ಪದ್ಧತಿ ಇದೆ. ಮಕ್ಕಳು ಇಂಗ್ಲಿಷಿನಲ್ಲಿ ಓದಿ ವೆಲ್ಷ್‌ನಲ್ಲಿ ಬರೆಯುತ್ತಾರೆ, ಇಲ್ಲವೇ ವೆಲ್ಷ್‌ನಲ್ಲಿ ಓದಿ ಇಂಗ್ಲಿಷಿನಲ್ಲಿ. ಹಾಗೆ ಮಾಡಬೇಕಾದರೆ ವಿಷಯ ಅರ್ಥವಾಗಿರಲೇಬೇಕು. ನಕಲು ಮಾಡಿ ಪಾರಾಗುವುದು ಕಷ್ಟ. ನಮ್ಮ ಮಕ್ಕಳು ಹಾಸ್ಟೆಲ್ ರೂಮಿನಲ್ಲಿ ಇದನ್ನು ದಿನಾ ಮಾಡುತ್ತಾರೆ. ಇಂಗ್ಲಿಷ್ ಪುಸ್ತಕ ಮಧ್ಯದಲ್ಲಿಟ್ಟು, ಒಬ್ಬ ಕನ್ನಡದಲ್ಲಿ ಹೇಳಿ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ನಾವು ಅದನ್ನು ತರಗತಿಯ ಒಳಗೆ ಬಿಟ್ಟುಕೊಂಡಿಲ್ಲ, ಅಷ್ಟೇ.

'ಇದೆಲ್ಲ ಇಂಗ್ಲಿಷ್ ಡಿಪಾರ್ಟ್‌ಮೆಂಟಿನ ಕೆಲಸ' ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸರ್ವೆಯ ಟೇಬಲ್ ನೋಡಿ ಅದರ ಕೆಳಗೆ ಏನು ಬರೆಯಬೇಕು, ಎಲ್ಲಿ 'ಇದೆ' ಅನ್ನಬೇಕು, ಎಲ್ಲಿ 'ಇರಬಹುದು' ಅನ್ನಬೇಕು ಅನ್ನುವುದು ಅರ್ಥಶಾಸ್ತ್ರದ ಮೇಷ್ಟ್ರಿಗೇ ಗೊತ್ತಿರುವುದು. ಅದನ್ನು ನಾವೇ ಕಲಿಸಬೇಕು.

ಗೂಗಲ್ ಟ್ರಾನ್ಸ್‌ಲೇಟ್, ಚಾಟ್‌ಜಿಪಿಟಿ ಬಗ್ಗೆಯೂ ಕೇಳುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಒಂದೇ ಷರತ್ತು: ಮೊದಲು ನಿಮ್ಮ ಮಾತಿನಲ್ಲಿ ಬರೆದದ್ದು ನನಗೆ ತೋರಿಸಬೇಕು. ಅವಳ ಕನ್ನಡ ಸಾಲುಗಳನ್ನು ಒಂದು ಸಲ ಹಾಕಿ ನೋಡಿದೆವು. ಇಂಗ್ಲಿಷ್ ನುಣುಪಾಗಿ ಬಂತು. ಕೊಯತಾ ಇದ್ದಲ್ಲೆಲ್ಲ 'ಹಾರ್ವೆಸ್ಟ್' ಅಂತ ಬಂದಿತ್ತು. ಅವಳೇ ನೋಡಿ, "ಇದು ತಪ್ಪೈತ್ರಿ" ಅಂದಳು. ತಪ್ಪು ಅಂತ ಗೊತ್ತಾದದ್ದು ಯಾಕೆ? ಮೊದಲು ತಾನೇ ಬರೆದಿದ್ದಳಲ್ಲ, ಅದಕ್ಕೆ.

ಶನಿವಾರ

ಆ ಸೆಮಿಸ್ಟರ್‌ನಿಂದ ಶನಿವಾರ ಮಧ್ಯಾಹ್ನ ಒಂದು ಗಂಟೆ ಕೂರುವ ರೂಢಿ ಆಯಿತು. ಟೈಮ್‌ಟೇಬಲ್ಲಿನಲ್ಲಿ ಇಲ್ಲದ ಗಂಟೆ. ಆರೇಳು ಮಕ್ಕಳು ಬರುತ್ತಾರೆ. ಒಬ್ಬ ಹುಡುಗನ ಮನೆಯಲ್ಲಿ ದಖನಿ ಉರ್ದು, ಇನ್ನೊಬ್ಬಳ ಮನೆಯಲ್ಲಿ ತೆಲುಗು. ಯಾರ ಕರಡನ್ನಾದರೂ ಒಬ್ಬರು ಜೋರಾಗಿ ಓದುತ್ತಾರೆ, ಉಳಿದವರು ಅರ್ಥವಾಗದ ಕಡೆ ನಿಲ್ಲಿಸುತ್ತಾರೆ. ಕೆಂಪು ಪೆನ್ನು ಇಲ್ಲ. ನನಗೆ ಇದಕ್ಕೆ ಜಾಸ್ತಿ ಸಮಯ ಕೊಡಲು ಆಗುತ್ತಿಲ್ಲ ಅನ್ನುವ ಬೇಜಾರು ಇದೆ. ಅರವತ್ತು ಮಕ್ಕಳಲ್ಲಿ ಆರೇಳು ಅಂದರೆ ಉಳಿದವರು?

ಅವಳ ರಿಪೋರ್ಟಿನ ಕೊನೆಯ ಕರಡು ಅಲ್ಲೇ ತಯಾರಾಯಿತು. ಇಂಗ್ಲಿಷಿನಲ್ಲೇ. ಟೇಬಲ್ಲಿನಲ್ಲಿ ಈಗ ಒಂದು ಕಾಲಂ ಬದಲು ಎರಡು ಇದ್ದವು. ಮೊದಲನೆಯದರ ಹೆಸರು ಕೊಯತಾ, ಎರಡನೆಯದು ಪರ್ಸನ್ಸ್. ಪದದ ಅರ್ಥ ಕೆಳಗೆ ಮೂರು ಸಾಲಿನಲ್ಲಿ. ಮತ್ತೆ ತಾಂಡಾಗಳಿಗೆ ಹೋಗಿ, ಎಲ್ಲ ಮನೆಗಳಲ್ಲೂ ತಲೆ ಎಣಿಸಿಕೊಂಡು ಬಂದಿದ್ದಳು. 34 ಕೊಯತಾ. ಜನ 68 ಆಗಬೇಕಿತ್ತು. 67 ಬಂತು.

"ಒಬ್ರು ಯಾಕೆ ಕಮ್ಮಿ?" ಅಂದೆ.

"ನಮ್ಮ ಅತ್ತಿರೀ. ಅಪ್ಪನ ತಂಗಿ. ಮಾವ ತೀರಕೊಂಡಾನ. ಅಕಿ ಒಬ್ಬಾಕಿನ ಹೋಗ್ತಾಳ. ಅಕಿಗೆ ಅರ್ಧ ಕೊಯತಾ ಅಂತಾರ್ರಿ. ನಾ ಒಂದು ಅಂತ ಹಿಡದೀನಿ." ಸ್ವಲ್ಪ ಹೊತ್ತು ಬಿಟ್ಟು, "ಅರ್ಧ ಕೊಯತಾಕ್ಕ ಇಂಗ್ಲಿಷ್‌ನ್ಯಾಗ ಏನಂತ ಬರೀಲ್ರಿ?" ಅಂದಳು.

"ನೀನೇ ಬರಿ."

ಅವಳು ಬರೆದಳು. ಅರ್ಧ ಕೊಯತಾ: ಎ ವುಮನ್ ಹೂ ವರ್ಕ್ಸ್ ಅಲೋನ್, ಕೌಂಟೆಡ್ ಆಸ್ ಹಾಫ್. ಎರಡು ಸಲ ಓದಿಕೊಂಡಳು. ಆಮೇಲೆ ಫೋನ್ ತೆಗೆದು ಅತ್ತೆಗೆ ಮಾಡಿ, ಆ ಸಾಲನ್ನು ಲಂಬಾಣಿಯಲ್ಲಿ ಹೇಳಿದಳು. ನನಗೆ ಅರ್ಥವಾದದ್ದು ಕೊಯತಾ ಒಂದೇ. ಆ ಕಡೆಯಿಂದ ಅತ್ತೆ ಬಹಳ ಹೊತ್ತು ಮಾತಾಡಿದರು. ಇವಳು ಹೂಂಗುಟ್ಟುತ್ತಾ ಲಾಂಗ್ ಬುಕ್ ಎಳೆದುಕೊಂಡಳು.

"ಏನಂದ್ರು?" ಅಂದೆ.

"ಬರದದ್ದು ಸರಿ ಆಗಿಲ್ಲಂತ್ರಿ. ಅರ್ಧದ ರೊಕ್ಕಾನೂ ಪೂರ್ತಿ ಕೊಡೂದಿಲ್ಲಂತ."

ಆ ಪುಟದಲ್ಲಿ ಜಾಗ ಇರಲಿಲ್ಲ. ತಿರುಗಿಸಿ ಹೊಸ ಪುಟದಲ್ಲಿ ಬರೆಯತೊಡಗಿದಳು.